ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ಕಿಲೋಮೀಟರ್ ಬಿಡಿ, ಗಂಟೆ ಕೇಳಿ

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ ಅಂತ ಹುಡುಕಿದರೆ ಸುಮಾರು 14,000 ಕಿ.ಮೀ. ಅಂತ ಬರುತ್ತೆ. ಲೆಕ್ಕ ಸರಿ. ಟಿಕೆಟ್ ತೆಗೆಯೋರಿಗೆ ಮಾತ್ರ ಅದರಿಂದ ಹೆಚ್ಚು ಪ್ರಯೋಜನ ಇಲ್ಲ.

ಗ್ಲೋಬ್ ಮೇಲೆ ಎರಡು ಊರಿಗೂ ದಾರ ಎಳೆದು ಬಿಗಿ ಹಿಡಿದರೆ ಸಿಗುವ ದೂರ ಅದು. ಆ ದಾರ ಚೀನಾ ದಾಟಿ, ಸೈಬೀರಿಯಾದ ಉತ್ತರ ತೀರದ ಹತ್ತಿರ 71 ಡಿಗ್ರಿ ಅಕ್ಷಾಂಶದವರೆಗೂ ಏರಿ, ಅಲಾಸ್ಕಾ ಮೇಲೆ ಇಳಿಯುತ್ತೆ. ಪೈಲಟ್ ಅದೇ ಗೆರೆ ಹಿಡಿಯಲ್ಲ. ಗಾಳಿ ನೋಡ್ತಾರೆ, ಯಾವ ದೇಶದ ಆಕಾಶ ತೆರೆದಿದೆ ಅಂತ ನೋಡ್ತಾರೆ. 2022ರಿಂದ ಅಮೆರಿಕದ ಕಂಪನಿಗಳಿಗೆ ರಷ್ಯಾದ ಆಕಾಶ ಇಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಮಾರ್ಗ ಶುರು ಮಾಡಿದಾಗ, ಮಹಿಳಾ ಪೈಲಟ್‌ಗಳೇ ಇದ್ದ ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೊದಿಂದ ಉತ್ತರ ಧ್ರುವದ ಮೇಲೇ ಬಂತು. ಸುಮಾರು 17 ಗಂಟೆ ಹಿಡೀತು.

ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ ಹದಿನೈದೂವರೆ ಗಂಟೆ. ಟಿಕೆಟ್‌ನಲ್ಲಿ ಇರೋದು ಗೇಟಿನಿಂದ ಗೇಟಿಗೆ ಹಿಡಿಯೋ ಸಮಯ. ರನ್‌ವೇ ಕಡೆ ಉರುಳೋದು, ಸರದಿ ಕಾಯೋದು ಎಲ್ಲ ಸೇರಿ. ತಡೆರಹಿತ ವಿಮಾನ ಸಿಕ್ಕರೆ ಹೋಗೋಕೆ ಹೆಚ್ಚುಕಡಿಮೆ 16 ಗಂಟೆ, ಬರೋಕೆ ಹದಿನೇಳೂವರೆ ಅಂತ ಇಟ್ಟುಕೊಳ್ಳಿ. ವ್ಯತ್ಯಾಸಕ್ಕೆ ಕಾರಣ ಜೆಟ್ ಸ್ಟ್ರೀಮ್, ಅಂದರೆ ತುಂಬ ಎತ್ತರದಲ್ಲಿ ಬೀಸುವ ಜೋರು ಗಾಳಿ. ಅದು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತೆ, ಚಳಿಗಾಲದಲ್ಲಿ ಇನ್ನೂ ಜೋರು. ಎದುರುಗಾಳಿ ಹೆಚ್ಚಿದ್ದರೆ ಇಂಧನ ಜಾಸ್ತಿ ತುಂಬಬೇಕು, ತೂಕದ ಮಿತಿ ದಾಟಬಾರದು. ಆಗ ಸರಕು ಇಳಿಸ್ತಾರೆ, ಕೆಲವು ಸೀಟು ಖಾಲಿ ಬಿಡ್ತಾರೆ.

ದುಬೈ ಮೇಲೆ ಹೋದರೆ ಒಟ್ಟು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೇಲೆ 16,500. ಹೆಚ್ಚಾದ ದೂರಕ್ಕೆ ಎರಡು ಮೂರು ಗಂಟೆ ಅಷ್ಟೆ. ನಿಜವಾಗಿ ಸಮಯ ತಿನ್ನೋದು ನಡುವೆ ಕಾಯೋದು. ಆದರೂ ಒಂದೂವರೆ ಗಂಟೆಯ ಕನೆಕ್ಷನ್ ನಂಬಬೇಡಿ, ಅದರಲ್ಲೂ ವಯಸ್ಸಾದ ಅಪ್ಪ-ಅಮ್ಮನನ್ನು ಕಳಿಸುವಾಗ. ಅಮೆರಿಕದೊಳಗೇ ವಿಮಾನ ಬದಲಿಸೋದಾದರೆ ಮೊದಲು ಇಳಿದ ಊರಲ್ಲೇ ಇಮಿಗ್ರೇಷನ್ ಮುಗಿಸಿ, ಸಾಮಾನ್ಯವಾಗಿ ಬ್ಯಾಗ್ ತಗೊಂಡು ಮತ್ತೆ ಒಪ್ಪಿಸಬೇಕು. ಅಲ್ಲಿ ಮೂರು ಗಂಟೆ ಇಟ್ಟುಕೊಳ್ಳೋದೇ ಕ್ಷೇಮ. ಅಬುಧಾಬಿ ಮೇಲೆ ಹೋದರೆ ಅಮೆರಿಕದ ಇಮಿಗ್ರೇಷನ್ ಅಲ್ಲೇ ಮುಗಿಯುತ್ತೆ, ಇದು ದೊಡ್ಡ ಅನುಕೂಲ. ಸಾವಿರಾರು ರೂಪಾಯಿ ಉಳೀತು ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ, ಮೊದಲ ವಿಮಾನ ತಡವಾದಾಗ ಎರಡನೆಯದರ ದುಡ್ಡು ಹೋದ ಹಾಗೇ.

ತಾರೀಖಿನಲ್ಲೂ ಎಡವಟ್ಟಾಗುತ್ತೆ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಇಲ್ಲಿಂದ ಹೊರಟವರು ಅದೇ ದಿನ ಸಂಜೆ ನಾಲ್ಕೂವರೆಗೆ ಅಲ್ಲಿ ಇಳೀತಾರೆ. ಅಲ್ಲಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟವರು ದೇವನಹಳ್ಳಿಗೆ ಬರೋದು ಭಾನುವಾರ ಬೆಳಗಿನ ಜಾವ 4ಕ್ಕೆ. ಕ್ಯಾಬ್ ಬುಕ್ ಮಾಡೋರು ಶನಿವಾರ ಅಂತ ಹಾಕಬೇಡಿ.