ಸ್ಪಷ್ಟನೆ: ಲಾಗಿನ್ ವಿಳಾಸ ಬದಲಿಸಿದ ಮಾತ್ರಕ್ಕೆ ವರ್ಡ್‌ಪ್ರೆಸ್ ಭದ್ರವಾಗದು
‘ಲಾಗಿನ್ ಪುಟದ ವಿಳಾಸ ಬದಲಿಸಿ, ಅಡ್ಮಿನ್ ಎಂಬ ಹೆಸರು ತೆಗೆದರೆ ವರ್ಡ್‌ಪ್ರೆಸ್ ತಾಣಕ್ಕೆ ಯಾರೂ ನುಗ್ಗಲಾರರು’ ಎಂಬ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. (ವರ್ಡ್‌ಪ್ರೆಸ್ ಎಂದರೆ ಜಾಲತಾಣ ಕಟ್ಟಿ ನಡೆಸುವ ತಂತ್ರಾಂಶ.) ಇದನ್ನೇ ನಂಬಿ ಕೂರುವುದು ಅಪಾಯ.

ಆ ಪುಟವೊಂದೇ ಬಾಗಿಲಲ್ಲ. ಹೊರಗಿನ ಆ್ಯಪ್‌ಗಳು ತಾಣವನ್ನು ಸಂಪರ್ಕಿಸಲು ಇರುವ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಹಳೆಯ ಕಡತವೂ ಹೆಸರು, ಪಾಸ್‌ವರ್ಡ್ ಸ್ವೀಕರಿಸುತ್ತದೆ. ಲಾಗಿನ್ ವಿಳಾಸ ಬದಲಾದರೂ ಅದು ಇದ್ದಲ್ಲೇ ಇರುತ್ತದೆ. ಬಳಕೆದಾರ ಹೆಸರೂ ಗುಟ್ಟಾಗಿ ಉಳಿಯುವುದಿಲ್ಲ. ಲೇಖನ ಪ್ರಕಟಿಸಿದವರ ಪುಟದ ವಿಳಾಸದಲ್ಲೇ ಸಾಮಾನ್ಯವಾಗಿ ಅದು ಕಾಣಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತಪ್ಪು ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ಮೂಲ ವರ್ಡ್‌ಪ್ರೆಸ್ ತಡೆಯುವುದಿಲ್ಲ.

ಹಾಗಾಗಿ ಮೊದಲು ಎರಡು ಹಂತದ ದೃಢೀಕರಣದ, ಅಂದರೆ ಪಾಸ್‌ವರ್ಡ್ ಜತೆಗೆ ಫೋನ್‌ನ ಆ್ಯಪ್ ತೋರಿಸುವ ಕೋಡನ್ನೂ ಕೇಳುವ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಹಾಕಿ. ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಅವಿಲ್ಲದೆ ಫೋನ್ ಕಳೆದರೆ ನೀವೇ ಹೊರಗುಳಿಯುತ್ತೀರಿ. ಕೋಡ್ ಪದೇಪದೇ ತಪ್ಪೆಂದರೆ ಫೋನ್ ಮತ್ತು ಸರ್ವರ್ ಗಡಿಯಾರಗಳನ್ನು ನೋಡಿ: ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಸಮಯ ಹೊಂದದಿದ್ದರೆ ಸರಿಯಾದದ್ದೂ ತಿರಸ್ಕೃತವಾಗುತ್ತದೆ. ಐದು ತಪ್ಪಿಗೆ 20 ನಿಮಿಷ ತಡೆಯುವ ಮಿತಿಯೂ ಇರಲಿ. ಎಕ್ಸ್‌ಎಂಎಲ್-ಆರ್‌ಪಿಸಿಯನ್ನು ಸರ್ವರ್ ಮಟ್ಟದಲ್ಲೇ ಮುಚ್ಚಿ, ಆದರೆ ಜೆಟ್‌ಪ್ಯಾಕ್ ಎಂಬ ಪ್ಲಗಿನ್ ಬಳಸುವವರು ಹಾಗೆ ಮಾಡಬೇಡಿ, ಅದರ ಸಂಪರ್ಕ ಕಡಿದುಹೋಗಬಹುದು. ದಿನದ ಬರವಣಿಗೆಗೆ ಅಡ್ಮಿನ್ ಖಾತೆ ಬೇಡ, ಕಡಿಮೆ ಅಧಿಕಾರವಿರುವ ಎಡಿಟರ್ ಖಾತೆ ಸಾಕು.