‘ಬಿಸಲು ಇಷ್ಟ್ ಅದ, ಕರೆಂಟ್ ಯಾಕ ಕಡಿಮಿ?’

ಹೋದ ಮೇ ತಿಂಗಳಲ್ಲಿ ಚಿತ್ತಾಪುರ ತಾಲೂಕಿನ ನಮ್ಮೂರಿಗೆ ಹೋದಾಗ ಕಾಕಾ ಬಾಗಿಲಲ್ಲೇ ಹಿಡಿದರು. “ತಮ್ಮಾ, ಬಿಸಲು ಇಷ್ಟ್ ಅದ, ಕರೆಂಟ್ ಯಾಕ ಕಡಿಮಿ ಬರ್ಲತ್ತದ? ಹಳೀ ಪ್ಲೇಟ್ ಹಚ್ಚಿ ಹೋಗ್ಯಾರೇನು?”

ಮಾಳಿಗೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದಾರೆ. ಜನವರಿಯ ಮಧ್ಯಾಹ್ನ ಇನ್ವರ್ಟರ್‌ನಲ್ಲಿ 2.4 ಕಾಣುತ್ತಿತ್ತು, ಮೇನಲ್ಲಿ 2 ದಾಟುತ್ತಿರಲಿಲ್ಲ. ತೊಗರಿ ಮಾರಿದ ದುಡ್ಡು ಅದು. ಮೋಸ ಹೋದೆ ಅಂತ ಅವರಿಗೆ ನಿದ್ದೆಯಿಲ್ಲ.

ಒಂದು ಗಂಟೆಗೆ ಮಾಳಿಗೆ ಹತ್ತಿದೆ. ಪ್ಲೇಟಿನ ಹಿಂಬದಿಗೆ ಅಂಗೈ ಇಟ್ಟವನು ತಕ್ಷಣ ಕಿತ್ತುಕೊಂಡೆ. ಮುಂದಿನ ಗಾಜಿನ ಮೇಲೆ ಬೂದಿ ಬಣ್ಣದ ಪದರ. ಒಣ ಬಟ್ಟೆಗೆ ಜಗ್ಗಲಿಲ್ಲ, ಉಗುರಿನಿಂದ ಕೆರೆದರೆ ಚಕ್ಕೆ ಎದ್ದಿತು. ನಮ್ಮ ಕಡೆ ಸಿಮೆಂಟ್ ಧೂಳು ಹೊಸದಲ್ಲ. ನಾಲ್ಕು ಹನಿ ಮಳೆ ಬಿದ್ದಾಗ ಅದೇ ಧೂಳು ಕಲಸಿಕೊಂಡು ಗಾಜಿಗೆ ಹತ್ತಿ ಗಟ್ಟಿಯಾಗಿತ್ತು.

ಪ್ಲೇಟು ಹಳೆಯದಲ್ಲ, ಕಾಕಾ ಮೋಸ ಹೋಗಿಲ್ಲ. ಧೂಳಿನ ಮಾತು ಸರಿ, ಆದರೆ ಅದರ ಜೊತೆಗೆ ಶಾಖವೂ ಇದೆ. ಪ್ಲೇಟಿನ ಮೇಲೆ ಬರೆದಿರುವ ವ್ಯಾಟ್ ಲೆಕ್ಕ 25 ಡಿಗ್ರಿಯಲ್ಲಿ ಅಳೆದದ್ದು. ನಮ್ಮ ಮೇ ಬಿಸಿಲಿಗೆ ಪ್ಲೇಟಿನೊಳಗೆ ಕರೆಂಟು ಹುಟ್ಟಿಸುವ ಸಿಲಿಕಾನ್ ಬಿಲ್ಲೆ, ಅಂದರೆ ಸೆಲ್ಲು, 65 ಡಿಗ್ರಿ ಮುಟ್ಟುತ್ತದೆ. ಸಿಲಿಕಾನ್ ಸೆಲ್ಲಿಗೆ ಬೆಳಕು ಬೇಕು, ಶಾಖ ಬೇಡ. ಒಂದೊಂದು ಡಿಗ್ರಿ ಏರಿದಂತೆ ಶೇ. 0.3ರಿಂದ 0.4ರಷ್ಟು ಶಕ್ತಿ ಇಳಿಯುತ್ತದೆ. 40 ಡಿಗ್ರಿ ಹೆಚ್ಚಾದರೆ ಎಷ್ಟಾಯಿತು, ನೀವೇ ಗುಣಿಸಿ.

ಇಲ್ಲಿ ನನಗೆ ಮಾರ್ಟಿನ್ ಗ್ರೀನ್ ನೆನಪಾಗುತ್ತಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿರುವ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್. 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ತೋರಿಸಿದ ಸಿಲಿಕಾನ್ ಸೆಲ್ಲು ಬಿದ್ದ ಬೆಳಕಿನಲ್ಲಿ ಸುಮಾರು ಶೇ. 6ರಷ್ಟನ್ನು ಮಾತ್ರ ವಿದ್ಯುತ್ ಮಾಡುತ್ತಿತ್ತು. ಗ್ರೀನ್ ಅವರ ತಂಡ 1985ರಲ್ಲಿ ಅದನ್ನು ಶೇ. 20ಕ್ಕೆ ಮುಟ್ಟಿಸಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಅವರು ಸೆಲ್ಲಿನ ಬೆನ್ನನ್ನು ನೋಡಿದ ರೀತಿ. ಆಗೆಲ್ಲ ಸೆಲ್ಲಿನ ಹಿಂಬದಿಗೆ ಪೂರ್ತಿ ಅಲ್ಯೂಮಿನಿಯಂ ಬಳಿಯುತ್ತಿದ್ದರು. ಬೆಳಕು ಎಬ್ಬಿಸಿದ ಎಲೆಕ್ಟ್ರಾನು ಅಲ್ಲಿಗೆ ಹೋಗಿ ಸುಮ್ಮನೆ ಸತ್ತುಹೋಗುತ್ತಿತ್ತು. ಗ್ರೀನ್ ಮತ್ತು ಅವರ ವಿದ್ಯಾರ್ಥಿಗಳು ಸಿಲಿಕಾನಿಗೂ ಲೋಹಕ್ಕೂ ನಡುವೆ ತೆಳುವಾದ ಪದರವೊಂದನ್ನು ಇಟ್ಟು, ಕರೆಂಟು ದಾಟಲು ಸಣ್ಣ ಸಣ್ಣ ತೂತು ಬಿಟ್ಟರು. ಕೊಡಕ್ಕೆ ನೀರು ಸುರಿಯುವುದನ್ನು ಬಿಟ್ಟು ತಳದ ಸೋರಿಕೆ ಹುಡುಕಿದಂತೆ. ಇದಕ್ಕೇ ಪರ್ಕ್ ಅನ್ನುತ್ತಾರೆ. 1983ರ ಹೊತ್ತಿನ ಈ ಆಲೋಚನೆ ಕಾರ್ಖಾನೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನೆಲೆಯೂರಲು ಸುಮಾರು 30 ವರ್ಷ ಹಿಡಿಯಿತು. 2023ರಲ್ಲಿ ಗ್ರೀನ್, ಆಂಡ್ರ್ಯೂ ಬ್ಲೇಕರ್ಸ್, ಐಹುವಾ ವಾಂಗ್, ಜಿಯಾನ್‌ಹುವಾ ಝಾವೋ ನಾಲ್ವರಿಗೂ ಇದಕ್ಕಾಗಿ ಕ್ವೀನ್ ಎಲಿಜಬೆತ್ ಇಂಜಿನಿಯರಿಂಗ್ ಪ್ರಶಸ್ತಿ ಬಂತು. ಕಾಕಾನ ಪ್ಲೇಟೂ ಪರ್ಕ್ ಜಾತಿಯದೇ.

ಇನ್ನೊಂದು ಮಾತು. ಸೋರಿಕೆ ತಡೆದಷ್ಟೂ ಸೆಲ್ಲಿನ ವೋಲ್ಟೇಜ್ ಏರುತ್ತದೆ. ವೋಲ್ಟೇಜ್ ಏರಿದಷ್ಟೂ ಶಾಖಕ್ಕೆ ಅದು ಕಡಿಮೆ ಕುಗ್ಗುತ್ತದೆ. ಅಂದರೆ ಸಿಡ್ನಿಯ ಆ ಕೆಲಸ ಕಲಬುರಗಿಯ ಬೇಸಿಗೆಗೂ ಆಸರೆಯಾಗಿದೆ.

ನನ್ನ ಸಂಕಟ ಇರುವುದು ಇಲ್ಲಿ. ಬಿಸಿಲೂ ನಮ್ಮದು, ಧೂಳೂ ನಮ್ಮದು, ಆದರೆ ಅಳತೆ ಮಾತ್ರ 25 ಡಿಗ್ರಿಯದು. ಗುಲ್ಬರ್ಗ ವಿಶ್ವವಿದ್ಯಾಲಯ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ, ಪಿಡಿಎ ಕಾಲೇಜು 1958ರಿಂದ ಇಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ವಾಡಿ, ಶಹಾಬಾದ್, ಸೇಡಂ ಮಾಳಿಗೆಗಳ ಮೇಲೆ ವರ್ಷಪೂರ್ತಿ ಕೂತು ಶಾಖ, ಧೂಳು, ಕರೆಂಟು ಮೂರನ್ನೂ ಅಳೆಯುವ ಹುಡುಗ ಹುಡುಗಿಯರು ನಮಗೆ ಬೇಕು. ಹೊಸ ಸೆಲ್ಲು ಕಂಡುಹಿಡಿಯಲು ಕೋಟಿಗಟ್ಟಲೆ ದುಡ್ಡು ಬೇಕಾದೀತು, ಇದಕ್ಕೆ ಬೇಕಾಗಿರುವುದು ಥರ್ಮಾಮೀಟರು, ಮೀಟರು, ತಾಳ್ಮೆ. ಎಂಟನೇ ಸೆಮಿಸ್ಟರಿಗೆ ರೆಡಿಮೇಡ್ ಪ್ರಾಜೆಕ್ಟ್ ಕೊಂಡು ತರುವ ಮಕ್ಕಳನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ. ಪ್ರಶ್ನೆ ಅವರ ಮನೆ ಮಾಳಿಗೆ ಮೇಲೇ ಇದೆ.

ಕಾಕಾ ಈಗ ಹೊತ್ತು ಮೂಡುವ ಮುಂಚೆಯೇ ಗಾಜನ್ನು ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಾರೆ. ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ, ಸೀಳಬಹುದು ಎಂದು ಹೇಳಿ ಬಂದಿದ್ದೆ. ಮೊನ್ನೆ ಫೋನಿನಲ್ಲಿ, “ತಮ್ಮಾ, ದಿನಾ ಹನ್ನೆರಡಕ್ಕ ಮೀಟರ್ ನೋಡಿ ಬರ್ದ ಇಡ್ಲತ್ತೀನಿ” ಅಂದರು. ತೊಗರಿ ಪಟ್ಟಿ ಬರೆಯುವ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಂತೆ. ಈ ಭಾನುವಾರ ಹೋಗಿ ಫೋಟೊ ತೆಗೆದುಕೊಂಡು ಬರುತ್ತೇನೆ.