ಲುಧಿಯಾನದ ಗೋಧಿ, ನಮ್ಮೂರಿನ ಹಗೇವು

ಏಪ್ರಿಲ್ ಎರಡನೆಯ ವಾರ ಬಂತೆಂದರೆ ಲುಧಿಯಾನದ ಸುತ್ತಲಿನ ಮಂಡಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಲಿಫ್ಟಿಂಗ್, ಎಂದರೆ ಸರ್ಕಾರ ಕೊಂಡ ಗೋಧಿಯನ್ನು ಮಂಡಿಯಿಂದ ಸಾಗಿಸುವುದು. ಲಿಫ್ಟಿಂಗ್ ಆಯಿತೇ, ಎಷ್ಟು ಲಾರಿ ಬಂತು, ನಾಳೆಗಾದರೂ ಆದೀತೇ. ರೈತ, ಆಢತಿಯಾ ಎಂದು ಇಲ್ಲಿ ಕರೆಯುವ ದಲಾಲಿ, ಹಮಾಲಿ, ಅಧಿಕಾರಿ, ಎಲ್ಲರಿಗೂ ಗೋಧಿ ಅಂಗಳದಿಂದ ಏಳಬೇಕು. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ. ಎದ್ದ ಗೋಧಿ ಎಲ್ಲಿ ಇಳಿಯಿತು, ಇಳಿದಲ್ಲಿ ಹೇಗಿದೆ ಎಂದು ಮಂಡಿಯಲ್ಲಿ ಯಾರೊಬ್ಬರೂ ವಿಚಾರಿಸಿದ್ದು ನನ್ನ ಕಿವಿಗೆ ಬಿದ್ದಿಲ್ಲ.

ಹೆಚ್ಚಿನ ವರ್ಷಗಳಲ್ಲಿ ಪಂಜಾಬ್ ಒಂದರಿಂದಲೇ 100 ಲಕ್ಷ ಟನ್ನಿಗೂ ಮೀರಿ ಗೋಧಿ ಸರ್ಕಾರಕ್ಕೆ ಹೋಗುತ್ತದೆ. 50 ಕಿಲೋ ಚೀಲದ ಲೆಕ್ಕದಲ್ಲಿ 20 ಕೋಟಿ ಚೀಲ, ಅದೂ ಒಂದೂವರೆ ತಿಂಗಳೊಳಗೆ. ಇಷ್ಟನ್ನು ತೂಗಿ, ಹೊಲಿದು, ಸಾಗಿಸುವ ಜನರ ಕಸುವಿಗೆ ನಾನು ಕೈಮುಗಿಯುತ್ತೇನೆ. ಆದರೆ ಕೊಳ್ಳುವುದರಲ್ಲಿ ತೋರುವ ಈ ಶ್ರದ್ಧೆ ಕಾಪಿಡುವುದರಲ್ಲಿ ಕಾಣುವುದಿಲ್ಲ. ಅದು ನನ್ನನ್ನು ವರ್ಷವರ್ಷವೂ ಕಾಡುತ್ತದೆ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಬಯಲು ದಾಸ್ತಾನು ಇತ್ತು. ಗೋದಾಮು ಸಾಲದಾದಾಗ ಗೋಧಿಯನ್ನು ಹೀಗೆ ಇಡುತ್ತಾರೆ: ಎತ್ತರದ ಕಟ್ಟೆ, ಅದರ ಮೇಲೆ ಮರದ ಹಲಗೆಯ ಚೌಕಟ್ಟು, ಚೀಲಗಳ ನಿಟ್ಟು, ಮೇಲೆ ಕಪ್ಪು ಪಾಲಿಥೀನ್ ಹೊದಿಕೆ, ಹಾರಿಹೋಗದಂತೆ ಹಗ್ಗ. ಬಿಸಿಲಿದ್ದ ದಿನ ಹೊದಿಕೆಯನ್ನು ಎತ್ತಿ ಗಾಳಿಯಾಡಿಸಬೇಕು, ಸಂಜೆ ಮತ್ತೆ ಮುಚ್ಚಬೇಕು. ಇದು ನಿಯಮ. ಒಂದು ಜುಲೈನಲ್ಲಿ ಎರಡು ದಿನದ ಮಳೆ ನಿಂತ ಮೇಲೆ ಅಲ್ಲಿ ಇಳಿದು ನೋಡಿದೆ. ಹೊದಿಕೆ ಒಂದು ಮೂಲೆಯಲ್ಲಿ ಮೊಳದುದ್ದ ಹರಿದಿತ್ತು. ಆ ಮೂಲೆಯ ಕೆಳಸಾಲಿನ ಚೀಲಗಳ ನೇಯ್ಗೆಯಿಂದ ಬೆರಳುದ್ದದ ಹಸಿರು ಮೊಳಕೆ ಹೊರಬಂದಿತ್ತು. ಬಿರಿದ ಒಂದು ಚೀಲದೊಳಗೆ ಕೈಹಾಕಿದೆ. ಜ್ವರ ಬಂದ ಮಗುವಿನ ಮೈಯಂತೆ ಬಿಸಿ. ಹೊರತೆಗೆದ ಹಿಡಿ ಗೋಧಿ ಉದುರಲಿಲ್ಲ, ಬೂಷ್ಟು ಹಿಡಿದು ಹೆಂಟೆಯಾಗಿತ್ತು. ಹತ್ತಿರದಲ್ಲೇ ಖಾಟಿನ ಮೇಲೆ ಕಾವಲುಗಾರ ಕುಳಿತಿದ್ದ. ಅವನ ಕೆಲಸ ಕಳ್ಳರನ್ನು ತಡೆಯುವುದು, ಹರಿದ ಹೊದಿಕೆ ಅವನ ಲೆಕ್ಕಕ್ಕೆ ಬರುವುದಿಲ್ಲ.

ಆ ಬಿಸಿಯನ್ನು ಮುಟ್ಟಿದಾಗ ನನಗೆ ನೆನಪಾದದ್ದು ಹಾವೇರಿ ಸೀಮೆಯ ನಮ್ಮೂರಿನ ಹಗೇವು. ಮನೆಯ ಮುಂದಿನ ಅಂಗಳದಲ್ಲಿ ಹೂಜಿಯ ಆಕಾರದ ಆಳವಾದ ಗುಂಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ. ಒಳಗೋಡೆಗೆ ಒಣ ಕಣಿಕೆ, ಹುಲ್ಲು ಒತ್ತಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತುತ್ತಿದ್ದರು. ತೆಗೆಯುವ ದಿನ ಅಜ್ಜ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಕಲ್ಲು ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಇಳಿಸುತ್ತಿದ್ದ. ದೀಪ ಆರಿದರೆ, "ಇನ್ನೂ ಉಸಿರಿಲ್ಲ, ಇಳಿಯಬೇಡಿ" ಎನ್ನುತ್ತಿದ್ದ.

ಆ ಒಂದು ಮಾತಿನಲ್ಲಿ ಹಗೇವಿನ ಮರ್ಮವೆಲ್ಲ ಇದೆ. ಕಾಳು ಸತ್ತ ವಸ್ತುವಲ್ಲ, ಉಸಿರಾಡುತ್ತದೆ. ಅದರೊಳಗಿನ ಹುಳುವೂ ಉಸಿರಾಡುತ್ತದೆ. ಬಾಯಿ ಬಿಗಿಯಾಗಿ ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ, ನುಸಿ ಸಾಯುತ್ತದೆ, ಔಷಧಿಯೇ ಬೇಡ. ಇನ್ನೊಂದು ದಾರಿಯೆಂದರೆ ಕಾಳನ್ನು ಒಣಗಿಸಿ, ತಂಪಾಗಿಟ್ಟು, ಗಾಳಿಯಾಡಿಸುವುದು. ಹರಿದ ಪಾಲಿಥೀನಿನ ಕೆಳಗೆ ಎರಡೂ ಇಲ್ಲ. ಉಸಿರು ಕಟ್ಟುವಷ್ಟು ಬಿಗಿಯಿಲ್ಲ, ತೇವ ಆರುವಷ್ಟು ಗಾಳಿಯಿಲ್ಲ. ಹುಳು ಕೊಲ್ಲುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆ ಇಟ್ಟರೂ ಅನಿಲ ಸಂದಿಯಿಂದ ಸೋರಿಹೋಗುತ್ತದೆ. ಅರೆಬರೆ ವಿಷ ತಿಂದು ಬದುಕುಳಿದ ಹುಳುಗಳಿಂದ ಔಷಧಿಗೆ ಬಗ್ಗದ ಪೀಳಿಗೆ ಹುಟ್ಟುತ್ತದೆ.

ಹಗೇವು ದೋಷವಿಲ್ಲದ್ದಾಗಿತ್ತು ಎನ್ನುವುದಿಲ್ಲ. ಮಳೆ ಹೆಚ್ಚಾದ ವರ್ಷ ಅಂಚಿನ ಜೋಳ ಮುಗ್ಗಿ ಕಂದುಬಣ್ಣಕ್ಕೆ ತಿರುಗುತ್ತಿತ್ತು, ಆ ರೊಟ್ಟಿಯ ವಾಸನೆ ನನಗೆ ಈಗಲೂ ನೆನಪಿದೆ. ಆದರೆ ಅಂಚು ಕೆಟ್ಟರೆ ತಿನ್ನಬೇಕಾದವನು ಅಜ್ಜನೇ. ಆದ್ದರಿಂದ ಕಾಳನ್ನು ಹಲ್ಲಿನಲ್ಲಿ ಕಡಿದು, ಟಕ್ಕೆಂದು ಒಡೆದರೆ ಮಾತ್ರ ತುಂಬುತ್ತಿದ್ದ.

ಪಂಜಾಬಿನ ಮನೆಗಳಿಗೂ ಈ ಎಚ್ಚರ ಹೊಸದಲ್ಲ. ನಮ್ಮ ಪಕ್ಕದ ಮನೆಯ ಬೀಜಿ, ಎಂದರೆ ಹಿರಿಯಮ್ಮ, ವರ್ಷಕ್ಕಾಗುವ ಗೋಧಿಯನ್ನು ಮೇ ತಿಂಗಳ ಬಿಸಿಲಿಗೆ ಹರಡಿ, ಆರಿದ ಮೇಲೆ ತಗಡಿನ ಡ್ರಮ್ಮಿಗೆ ತುಂಬಿಸುತ್ತಾರೆ. ಮೊದಲು ಅವರ ತವರಿನಲ್ಲಿ ಭರೋಲಾ ಎಂಬ ಮಣ್ಣಿನ ಕಣಜ ಇತ್ತಂತೆ. ಆ ಡ್ರಮ್ಮಿನಲ್ಲಿ ಒಂದು ಹುಳುವನ್ನೂ ನಾನು ಕಂಡಿಲ್ಲ. ಅದೇ ಊರಿನ ಅದೇ ಗೋಧಿ ಸರ್ಕಾರದ್ದಾದ ಕೂಡಲೇ ಯಾರದ್ದೂ ಅಲ್ಲದ್ದಾಗುತ್ತದೆ.

ಇನ್ನೂ ಒಂದು ವಿಷಯ ಹೇಳಲೇಬೇಕು. ಏಪ್ರಿಲ್‌ನಲ್ಲಿ ಒಣಗಿ ಬಂದ ಗೋಧಿ ಮಳೆಗಾಲದ ತೇವ ಹೀರಿ ತೂಕ ಹೆಚ್ಚುತ್ತದೆ. ಈ ಹೆಚ್ಚಳವನ್ನು ಲೆಕ್ಕಹಾಕಿ, ದಾಸ್ತಾನು ಮಾಡಿದ ಸಂಸ್ಥೆಗಳು ಪಡೆದದ್ದಕ್ಕಿಂತ ಇಷ್ಟು ಹೆಚ್ಚು ತೂಕ ಒಪ್ಪಿಸಬೇಕೆಂಬ ನಿಯಮವಿದೆ. ಚೀಲಗಳ ಮೇಲೆ ಪೈಪಿನಿಂದ ನೀರು ಬಿಟ್ಟು ತೂಕ ಹೊಂದಿಸಿದ ಪ್ರಕರಣಗಳು ಈ ಭಾಗದ ಪತ್ರಿಕೆಗಳಲ್ಲಿ ವರದಿಯಾಗಿವೆ. ತೂಕವನ್ನಷ್ಟೇ ಕೇಳಿ ಕಾಳಿನ ಸ್ಥಿತಿಯನ್ನು ಕೇಳದಿದ್ದರೆ ಇನ್ನೇನಾದೀತು?

ಒಳ್ಳೆಯದನ್ನೂ ಕಂಡಿದ್ದೇನೆ. ಲುಧಿಯಾನದಿಂದ ಪಶ್ಚಿಮಕ್ಕೆ ಮೊಗಾದಲ್ಲಿ 2 ಲಕ್ಷ ಟನ್ ಹಿಡಿಸುವ, ಸಿಲೋ ಎಂಬ ಉಕ್ಕಿನ ಕಣಜಗಳಿವೆ. ಚೀಲವೇ ಇಲ್ಲ. ರೈತನ ಟ್ರಾಲಿಯಿಂದ ಕಾಳು ನೇರವಾಗಿ ಒಳಗೆ ಹೋಗುತ್ತದೆ. ಒಳಗಿನ ಉಷ್ಣತೆ ಅಳೆಯುತ್ತಾರೆ, ಬಿಸಿಯೇರಿದರೆ ಗಾಳಿ ಹಾಯಿಸುತ್ತಾರೆ. ಅಲ್ಲಿಂದ ಬಿಡಿ ಕಾಳನ್ನೇ ತುಂಬಿಕೊಂಡು ಹೋಗುವ ವಿಶೇಷ ರೈಲು ತಲುಪುವ ಊರುಗಳಲ್ಲಿ ನಮ್ಮ ಬೆಂಗಳೂರೂ ಒಂದು. ಮೊದಲ ಸಲ ಇದು ತಿಳಿದಾಗ ಹೆಮ್ಮೆಯಾಯಿತು, ಜೊತೆಗೇ ಒಂದು ಕಸಿವಿಸಿ.

ಏಕೆಂದರೆ ದೂರದ ಗೋಧಿಗೆ ಉಕ್ಕಿನ ಮನೆ ಕಟ್ಟಿದ ನಾವು ಕಾಲಬುಡದ ರಾಗಿಯನ್ನು ನಂಬಲಿಲ್ಲ. ರಾಗಿ ಸಾಸಿವೆಯಷ್ಟು ಸಣ್ಣ ಕಾಳು, ಅಕ್ಕಿಯ ಮೂತಿಹುಳು ಅದರೊಳಗೆ ಮೊಟ್ಟೆಯಿಟ್ಟು ಬೆಳೆಯಲು ಜಾಗವೇ ಇಲ್ಲ. ವರ್ಷಗಟ್ಟಲೆ ಹಗೇವಿನಲ್ಲಿ ಕುಳಿತು ಬರಗಾಲದಲ್ಲಿ ಊರನ್ನು ಬದುಕಿಸಿದ ಧಾನ್ಯ ಅದು. ಬೆಂಬಲ ಬೆಲೆಯಲ್ಲಿ ಕೊಂಡ ಆ ರಾಗಿಯನ್ನು 3 ತಿಂಗಳೊಳಗೆ ಹಂಚಿ ಮುಗಿಸಬೇಕೆಂದು ಕೇಂದ್ರದ ನಿಯಮವಿತ್ತು. 2021ರ ಡಿಸೆಂಬರ್‌ನಲ್ಲಿ ಅದನ್ನು ರಾಗಿಗೆ 7 ತಿಂಗಳು, ಜೋಳಕ್ಕೆ 6 ತಿಂಗಳು ಎಂದು ಸಡಿಲಿಸಿದರು. ಬೇಗ ಕೆಡುವ ಧಾನ್ಯದ ಗಡಿಯಾರವನ್ನು ಕೆಡದ ಧಾನ್ಯಕ್ಕೆ ಕಟ್ಟಿದ್ದು ಎಂಥ ಅನ್ಯಾಯ!

2023ರಲ್ಲಿ ಸಹಕಾರ ಸಂಘಗಳ ಮಟ್ಟದಲ್ಲಿ 700 ಲಕ್ಷ ಟನ್ ಸಂಗ್ರಹಣೆಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟಿದೆ. ತುಮಕೂರು, ಹಾಸನದ ರಾಗಿ ಆಯಾ ತಾಲ್ಲೂಕಿನಲ್ಲೇ ಉಳಿದು ಅಲ್ಲಿಯ ಪಡಿತರಕ್ಕೆ ಹೋಗಲು ಇದು ಒಳ್ಳೆಯ ಅವಕಾಶ. ಪ್ರತಿ ಗೋದಾಮಿಗೂ ತೇವ ಅಳೆಯುವ ಯಂತ್ರ ಕೊಡಲಿ, ವಾರಕ್ಕೊಮ್ಮೆ ಪ್ರತಿ ನಿಟ್ಟಿನೊಳಗೆ ಕೈಹಾಕಿ ಬಿಸಿ ನೋಡುವ, ಸಂಬಳ ಪಡೆಯುವ ಒಬ್ಬ ಮನುಷ್ಯನನ್ನು ನೇಮಿಸಲಿ, ಅವನು ಬರೆದದ್ದನ್ನು ಗೋದಾಮಿನ ಬಾಗಿಲಿಗೆ ಅಂಟಿಸಲಿ. ಪಡಿತರ ತಿನ್ನುವವರು ಬಂದು ಓದುತ್ತಾರೆ.